ಮಾಮಿ ನನ್ನ ಜೊತೆಗೇ ಉಳಿದದ್ದು

ವಿಚ್ಛೇದನವಾಗಿ ಏಳು ತಿಂಗಳು ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ನನ್ನ ಗಂಡನಾಗಿದ್ದವರ ತಾಯಿ ಹೊಸಂಗಡಿಯ ನನ್ನ ಬಾಡಿಗೆ ಮನೆಗೆ ಬಂದರು. ಬದಿಯಡ್ಕದಿಂದ ಕುಂಬಳೆಗೆ ಒಂದು ಬಸ್ಸು, ಅಲ್ಲಿಂದ ಹೊಸಂಗಡಿಗೆ ಇನ್ನೊಂದು. ಅರವತ್ತೆಂಟು ವರ್ಷ, ಮಂಡಿನೋವು ಬೇರೆ. ಒಂದು ಕೈಯಲ್ಲಿ ಬಟ್ಟೆಯ ಚೀಲವಿತ್ತು. ಇನ್ನೊಂದು ಕೈಯಲ್ಲಿ ಮೈ ಒರೆಸುವ ಹಳೆಯ ಬೈರಾಸಿನಲ್ಲಿ ಸುತ್ತಿದ ಹೆರೆಮಣೆ. ತೆಂಗಿನಕಾಯಿ ತುರಿಯುವ ಆ ಮಣೆಯನ್ನು ಕಂಡಾಗಲೇ, ಇವರು ನೆಂಟರ ಹಾಗೆ ಬಂದುಹೋಗುವುದಕ್ಕೆ ಬಂದವರಲ್ಲ ಎಂದು ನನಗೆ ಗೊತ್ತಾಯಿತು.

ಬಾಗಿಲಲ್ಲೇ ನಿಂತು ಉಸಿರು ಸುಧಾರಿಸಿಕೊಂಡು ಅವರು ಹೇಳಿದರು: "ನೋಡು, ಎರಡು ದಿನಕ್ಕೆ ಬಂದದ್ದಲ್ಲ ನಾನು. ನಿನಗೆ ಆಗುವುದಿಲ್ಲ ಅಂತಾದರೆ ಈಗಲೇ ಹೇಳು. ಹತ್ತೂವರೆಗೆ ವಾಪಸು ಬಸ್ಸು ಉಂಟು."

"ಮೊದಲು ಒಳಗೆ ಬನ್ನಿ ಮಾಮಿ" ಎಂದೆ. ನಮ್ಮ ಮನೆಮಾತು ತುಳು, ಅದರಲ್ಲಿ ಅತ್ತೆಗೆ ಮಾಮಿ ಎನ್ನುತ್ತೇವೆ. ಇಲ್ಲಿ ಬರುವ ಮಾತುಗಳೆಲ್ಲ ಹೆಚ್ಚಾಗಿ ತುಳುವಿನಲ್ಲೇ ಆಡಿದವು. ಕನ್ನಡಕ್ಕೆ ತರುವಾಗ ಮಾಮಿಯ ಖಾರ ಸ್ವಲ್ಪ ಇಳಿದಿರಬಹುದು.

ಅವರನ್ನು ಕಂಡು ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿಕೆಯಾಯಿತು. ಏಳು ತಿಂಗಳಲ್ಲಿ ನಾನು ಕಷ್ಟಪಟ್ಟು ಒಂದು ಹೊಸ ದಿನಚರಿ ಮಾಡಿಕೊಂಡಿದ್ದೆ. ಬೆಳಿಗ್ಗೆ ಮಗಳನ್ನು ಶಾಲೆಯ ಬಸ್ಸಿಗೆ ಹತ್ತಿಸುವುದು, ಜಂಕ್ಷನ್ನಿನ ಮೆಡಿಕಲ್ ಅಂಗಡಿಯಲ್ಲಿ ಸಂಜೆಯವರೆಗೆ ಫಾರ್ಮಸಿಸ್ಟ್ ಕೆಲಸ, ಬಂದು ಒಂದು ಅನ್ನ, ಒಂದು ಸಾರು. ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಬಿಟ್ಟುಬಂದ ಮನೆಯ ಒಂದು ತುಂಡು ಈಗ ಚೀಲ ಹಿಡಿದುಕೊಂಡು ಒಳಗೆ ಬಂದು ಕುರ್ಚಿಯಲ್ಲಿ ಕುಳಿತಿತ್ತು.

ಮಗಳಿಗೆ ಆಗ ಹತ್ತು ವರ್ಷ. ಅವಳಿಗೆ ಇಂಥ ಯೋಚನೆ ಒಂದೂ ಇರಲಿಲ್ಲ. "ಅಜ್ಜೀ!" ಎಂದು ಕೂಗಿಕೊಂಡು ಬಂದು ಅವರ ಕುತ್ತಿಗೆಗೆ ಜೋತುಬಿದ್ದಳು. ಮಾಮಿ ಅವಳ ಜಡೆ ಹಿಡಿದು ನೋಡಿ, "ಎಂತದಿದು, ಎಣ್ಣೆ ಕಂಡು ಎಷ್ಟು ದಿನ ಆಯಿತು?" ಎಂದು ನನ್ನ ಕಡೆ ತಿರುಗಿದರು. ಹತ್ತೂವರೆಯ ಬಸ್ಸು ಹೋಯಿತು.

ಹಿಂದಿನದನ್ನು ಸ್ವಲ್ಪ ಹೇಳಬೇಕು. ನನಗೆ ಮದುವೆಯಾದಾಗ ಇಪ್ಪತ್ತನಾಲ್ಕು. ಮಗಳ ಅಪ್ಪ (ಅವರನ್ನು ಈಗ ಬೇರೆ ಯಾವ ಹೆಸರಿನಿಂದ ಬರೆಯಬೇಕೆಂದು ನನಗೆ ತಿಳಿಯುವುದಿಲ್ಲ) ಶಾರ್ಜಾದ ಒಂದು ದೊಡ್ಡ ಅಂಗಡಿಯ ಗೋದಾಮಿನಲ್ಲಿ ಕೆಲಸಕ್ಕಿದ್ದರು. ಮದುವೆಯಾಗಿ ನಲವತ್ತನೆಯ ದಿನ ಹೋದರು. ಬದಿಯಡ್ಕದಿಂದ ಮೂರು ಕಿಲೋಮೀಟರು ಒಳಗೆ ಅವರು ಕಟ್ಟಿಸಿದ್ದ ಹೊಸ ತಾರಸಿ ಮನೆಯಲ್ಲಿ ನಾನೂ ಮಾಮಿಯೂ ಉಳಿದೆವು. ಹಾಗೆ ಉಳಿದದ್ದು ಹನ್ನೊಂದು ವರ್ಷ.

ಆ ಹನ್ನೊಂದು ವರ್ಷದಲ್ಲಿ ಅವರು ವರ್ಷಕ್ಕೊಮ್ಮೆ, ಕೆಲವೊಮ್ಮೆ ಎರಡು ವರ್ಷಕ್ಕೊಮ್ಮೆ ಬಂದರು. ಬಂದಾಗಲೆಲ್ಲ ಸ್ನಾನಕ್ಕೆ ಹೋಗುವ ಮೊದಲು ಕೇಳುತ್ತಿದ್ದರು, "ಪಂಪಿನ ಸ್ವಿಚ್ ಯಾವುದು?" ಪ್ರತಿ ರಜೆಯಲ್ಲೂ ಅದೇ ಪ್ರಶ್ನೆ. ತಾನೇ ದುಡಿದು ಕಟ್ಟಿಸಿದ ಮನೆಯಲ್ಲಿ ಅವರು ಪಾಪ, ಅತಿಥಿಯ ಹಾಗೆ ಇದ್ದು ಹೋಗುತ್ತಿದ್ದರು. ಮನೆ ನಡೆಸಿದ್ದು ನಾವಿಬ್ಬರು. ಹೆರಿಗೆಯ ನೋವು ಬಂದಾಗ ಜೀಪು ಕರೆದುಕೊಂಡು ಬಂದವರು ಮಾಮಿ. ಮಗುವಿಗೆ ಆರು ತಿಂಗಳಾದಾಗ "ನೀನು ಕಲಿತದ್ದನ್ನು ಯಾಕೆ ಹಾಳು ಮಾಡುತ್ತಿ? ಕೆಲಸಕ್ಕೆ ಹೋಗು, ಮಗುವನ್ನು ನಾನು ನೋಡುತ್ತೇನೆ" ಎಂದು ನನ್ನನ್ನು ಬದಿಯಡ್ಕದ ಮೆಡಿಕಲಿಗೆ ಕಳುಹಿಸಿದವರೂ ಅವರೇ.

ನಮ್ಮಲ್ಲಿ ಜಗಳ ಇರಲಿಲ್ಲವೆಂದಲ್ಲ. ಅಂಗಳದ ನುಗ್ಗೆಮರ ಕಂಬಳಿಹುಳದ ಕಾಟ ತಡೆಯಲಾರದೆ ನಾನು ಕಡಿಸಿದ್ದಕ್ಕೆ ಮಾಮಿ ಒಂಬತ್ತು ದಿನ ಮಾತು ಬಿಟ್ಟಿದ್ದರು. ಹತ್ತನೆಯ ದಿನ ನನಗೆ ಜ್ವರ ಬಂದಾಗ ಗಂಜಿ ತಂದಿಟ್ಟು, "ಮರಕ್ಕಾದರೆ ಮಾತು ಬರುವುದಿಲ್ಲ. ನಿನಗೆ ಬರುತ್ತದಲ್ಲ, ಒಂದು ಮಾತು ಕೇಳಬಹುದಿತ್ತು" ಎಂದಿದ್ದರು. ಅಲ್ಲಿಗೆ ಮುಗಿಯಿತು.

ಮಗಳ ಅಪ್ಪನ ಜೊತೆ ಮಾತ್ರ ನನಗೆ ಇಷ್ಟು ಜಗಳವೂ ಆಗಲಿಲ್ಲ. ಜಗಳವಾಡುವಷ್ಟು ಪರಿಚಯವೇ ನಮಗಾಗಿರಲಿಲ್ಲ. ಕೊನೆಯ ರಜೆಯಲ್ಲಿ ಒಂದು ಮಧ್ಯಾಹ್ನ ಅವರು ಎದುರು ಕುಳಿತು, ಅಲ್ಲಿಯೇ ಕೆಲಸ ಮಾಡುವ ಕಣ್ಣೂರಿನ ಕಡೆಯ ಒಬ್ಬಳ ವಿಷಯ ಹೇಳಿದರು. ನನಗೆ ಅವಮಾನವಾಯಿತು, ಎರಡು ದಿನ ಅಳುತ್ತಾ ಊಟ ಬಿಟ್ಟೆ. ಆದರೆ ಮೂರನೆಯ ದಿನ ನನ್ನನ್ನೇ ಕೇಳಿಕೊಂಡಾಗ, ನಾನು ಕಳೆದುಕೊಳ್ಳುತ್ತಿರುವುದು ಎಂತದು ಎಂದು ನನಗೆ ಸರಿಯಾಗಿ ಹೇಳಲಾಗಲಿಲ್ಲ. ಆ ಮನೆ, ಮಾಮಿ, ನನ್ನ ದಿನಗಳು, ಇವೆಲ್ಲ ಕಣ್ಣ ಮುಂದೆ ಬಂದವು. ಗಂಡನ ಮುಖ ಕಡೆಗೆ ಬಂತು.

ಈಗ ಯೋಚಿಸುವಾಗ ಅನ್ನಿಸುತ್ತದೆ, ನಮ್ಮ ಊರಿನಲ್ಲಿ ನಮ್ಮದರಂಥ ಮನೆಗಳು ಎಷ್ಟೋ ಇದ್ದವು. ಹೊರಗಿನಿಂದ ನೋಡುವವರಿಗೆ ಅವು ಗಂಡ, ಹೆಂಡತಿ, ಅತ್ತೆ, ಮಕ್ಕಳು ಇರುವ ಮನೆ. ಒಳಗೆ ಮಾತ್ರ ಇಬ್ಬರು ಹೆಂಗಸರು ಒಂದು ಸಂಸಾರ ಮಾಡುತ್ತಿದ್ದರು. ಸಂಸಾರ ಬದಲಾಗಿದೆ ಎಂದು ಯಾರಿಗೂ ಹೊಳೆಯಲಿಲ್ಲ, ಯಾಕೆಂದರೆ ಕರೆಯುವ ಹೆಸರುಗಳು ಮೊದಲಿನವೇ ಇದ್ದವು.

ಕಾಸರಗೋಡಿನ ಕುಟುಂಬ ನ್ಯಾಯಾಲಯದಲ್ಲಿ ಇಬ್ಬರ ಒಪ್ಪಿಗೆಯಿಂದ ಎಲ್ಲ ಆಯಿತು. ಮಗು ಯಾರ ಹತ್ತಿರ ಎಂದು ಕೇಳಿದರು. ರಜೆಯಲ್ಲಿ ಅಪ್ಪ ನೋಡಬಹುದೇ ಎಂದು ಕೇಳಿದರು. ಮಾಮಿಯ ವಿಷಯ ಯಾರೂ ಎತ್ತಲಿಲ್ಲ. ಎತ್ತಬೇಕೆಂದು ನನಗೂ ತೋಚಲಿಲ್ಲ. ನಾನು ಮಂಜೇಶ್ವರದ ಅಣ್ಣನ ಮನೆಗೆ ಹತ್ತಿರವೆಂದು ಹೊಸಂಗಡಿಗೆ ಬಂದೆ. ಬದಿಯಡ್ಕದ ಮನೆಯನ್ನು ಮಗಳ ಅಪ್ಪ ಒಬ್ಬರು ಮೇಷ್ಟರಿಗೆ ಬಾಡಿಗೆಗೆ ಕೊಟ್ಟರು. ಮಾಮಿ ಬದಿಯಡ್ಕದಲ್ಲೇ ಇರುವ ತಮ್ಮ ಮಗಳ ಮನೆಗೆ ಹೋದರು. ಹೊರಡುವ ದಿನ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪಾತ್ರೆಗಳನ್ನು ಕಾಗದದಲ್ಲಿ ಸುತ್ತುವುದರಲ್ಲೇ ಇಡೀ ಬೆಳಗು ಕಳೆದೆವು.

ಆ ಭಾನುವಾರ ಮಧ್ಯಾಹ್ನ ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ಊಟವಾದ ಮೇಲೆ ನಾನು ಕೇಳಿದೆ, "ಮಗಳ ಮನೆಯಲ್ಲಿ ಎಂತದಾದರೂ ಆಯಿತಾ ಮಾಮಿ?"

"ಎಂತದೂ ಆಗಲಿಲ್ಲ. ಅವಳು ಒಳ್ಳೆಯವಳು. ಅಳಿಯ ಅವಳಿಗಿಂತ ಒಳ್ಳೆಯವ. ಬೆಳಿಗ್ಗೆ ಎದ್ದರೆ 'ಅಮ್ಮ ನೀವು ಕೂತುಕೊಳ್ಳಿ' ಅಂತಾರೆ. ಮಧ್ಯಾಹ್ನ 'ಕೂತುಕೊಳ್ಳಿ' ಅಂತಾರೆ. ಕೂತು ಕೂತು ನನ್ನ ಮಂಡಿ ಹಿಡಿದುಹೋಯಿತು." ಮಂಡಿ ನೀವಿಕೊಳ್ಳುತ್ತಾ ಮುಂದುವರಿಸಿದರು. "ಅದು ಅವಳ ಮನೆ. ಅಲ್ಲಿ ನಾನು ನೆಂಟಳು. ನಿನ್ನ ಜೊತೆಯಲ್ಲಿ ನಾನು ಮನೆ ನಡೆಸಿದ್ದು. ನನಗೆ ಅದೇ ರೂಢಿ."

"ಸ್ವಲ್ಪ ದಿನ ನೋಡುವಾ ಮಾಮಿ" ಎಂದೆ.

"ನೀನು ನೋಡು. ನಾನು ನೋಡಿ ಆಯಿತು."

ಆ ವಾರವೇ ಅಣ್ಣ ಬಂದ. ಯಾರು ಹೇಳಿದರೋ, ಸುದ್ದಿ ತಲುಪಿತ್ತು. ಚಪ್ಪಲಿ ಕಳಚುವ ಮೊದಲೇ ಶುರು ಮಾಡಿದ. "ನಿನಗೆ ತಲೆ ಸರಿ ಉಂಟಾ? ಅವ ನಿನ್ನನ್ನು ಬಿಟ್ಟ. ಅವನ ಅಮ್ಮನನ್ನು ನೀನು ನೋಡಿಕೊಳ್ಳುವುದಾ? ಜನ ಎಂತ ಹೇಳಿಯಾರು?"

"ಮೆಲ್ಲ ಮಾತಾಡು ಅಣ್ಣ, ಒಳಗಿದ್ದಾರೆ."

"ಇರಲಿ, ಕೇಳಲಿ. ನಾಳೆ ನಿನಗೆ ಬೇರೆ ಒಂದು ಸಂಬಂಧ ಬಂದರೆ? ಮನೆಯಲ್ಲಿ ಹಳೆಯ ಅತ್ತೆ ಇದ್ದಾರೆ ಅಂತ ಹೇಳುವುದಾ?"

ಮಾಮಿ ಚಹಾದ ಲೋಟ ಹಿಡಿದುಕೊಂಡು ಹೊರಗೆ ಬಂದರು. ಕೋಪವಿರಲಿಲ್ಲ. ಅಣ್ಣನ ಮುಂದೆ ಲೋಟ ಇಟ್ಟು ಹೇಳಿದರು, "ಸಂಬಂಧ ಬಂದರೆ ಒಳ್ಳೆಯದೇ ಆಯಿತಲ್ಲ. ಹುಡುಗನನ್ನು ನಾನೂ ನೋಡುತ್ತೇನೆ. ಕಳೆದ ಸಲ ನೀವು ನೋಡಿದ್ದು ಸರಿಯಾಗಲಿಲ್ಲ."

ಅಣ್ಣನಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಕಳೆದ ಸಲ ಅವನು ನೋಡಿದ ಹುಡುಗ ಇವರ ಮಗನೇ ಅಲ್ಲವೇ! ಅವನು ಚಹಾ ಕುಡಿದ.

ಮಾಮಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ತಮ್ಮ ತಾಯಿಯ ಕಾಲದ ಮಾತು ತೆಗೆದರು. ಆಗಿನ್ನೂ ನಮ್ಮಲ್ಲಿ ಮನೆ, ಗದ್ದೆ ಎಲ್ಲ ಹೆಣ್ಣಿನ ಕಡೆಯಿಂದ ಬರುತ್ತಿದ್ದ ಕಾಲ. ಮಾಮಿಯ ತಾಯಿ ಮದುವೆಯಾದ ಮೇಲೂ ತನ್ನ ತಾಯಿಯ ಮನೆಯಲ್ಲೇ ಇದ್ದವರು. ಯಜಮಾನಿಕೆ ಸೋದರಮಾವನದು. "ನನ್ನ ಅಪ್ಪ ವಾರಕ್ಕೆ ಎರಡು ಸಲ ಬರುತ್ತಿದ್ದರು. ಬಂದರೆ ಅವರಿಗೆ ಬೇರೆ ಮಣೆ, ದೊಡ್ಡ ಬಾಳೆಲೆ. ಉಂಡು, ನಮ್ಮನ್ನು ಮಾತಾಡಿಸಿ, ಮಾರನೇ ದಿನ ಹೋಗುತ್ತಿದ್ದರು. ಗಂಡಸರು ಬಂದು ಹೋಗುವವರು, ಹೆಂಗಸರು ಇರುವವರು. ಆ ಮೇಲೆ ಎಲ್ಲ ಬೇರೆ ಆಯಿತು, ಮದುವೆಯಾಗಿ ಗಂಡನ ಮನೆಗೆ ಬರಬೇಕು ಅಂತಾಯಿತು. ನಾನೂ ಬಂದೆ. ನೀವು ಹೊಸತು ಅಂತ ಹೆದರುವುದು ಎಂತದನ್ನು? ಹೆಂಗಸರೇ ಇರುವ ಮನೆಯನ್ನಾ?"

ಅಣ್ಣ ಹೋಗುವಾಗ ನನ್ನನ್ನು ಗೇಟಿನ ಹತ್ತಿರ ಕರೆದು, "ಏನೋ ಮಾಡು. ಆದರೆ ಹುಷಾರು" ಎಂದ. ಮುಂದಿನ ವಾರ ಮಾಮಿಯ ಮಂಡಿಗೆಂದು ತೈಲದ ಬಾಟಲಿ ತಂದುಕೊಟ್ಟ. ಬಾಯಿಬಿಟ್ಟು ಒಪ್ಪಿದೆ ಎಂದು ಅವನು ಇಂದಿಗೂ ಹೇಳಿಲ್ಲ.

ಎರಡು ತಿಂಗಳಾದ ಮೇಲೆ ರೇಷನ್ ಕಾರ್ಡಿಗೆ ಮಾಮಿಯ ಹೆಸರು ಸೇರಿಸಲು ಜಂಕ್ಷನ್ನಿನ ಕಂಪ್ಯೂಟರ್ ಅಂಗಡಿಗೆ ಹೋದೆವು. ಅರ್ಜಿಗಳನ್ನು ತುಂಬಿ ಕಳುಹಿಸುವ ಹುಡುಗಿ ಮಲಯಾಳದಲ್ಲೂ ಕನ್ನಡದಲ್ಲೂ ಚುರುಕು, ಅಕ್ಕ ಎನ್ನುವುದಕ್ಕೆ ಚೇಚಿ ಎನ್ನುವವಳು. ಮಾಮಿಯ ಆಧಾರ್ ನೋಡಿ, "ಇವರು ನಿಮಗಿಂತ ದೊಡ್ಡವರಲ್ಲವಾ ಚೇಚಿ, ಹಾಗಾದರೆ ಕಾರ್ಡಿನ ಯಜಮಾನತಿ ಇವರೇ ಆಗುತ್ತಾರೆ" ಎಂದಳು. "ನೀವು ಇವರಿಗೆ ಎಂತ ಆಗಬೇಕು?"

"ಮಗನ ಹೆಂಡತಿ... ಆಗಿದ್ದೆ."

"ಆಗಿದ್ದೆ ಅಂತ ಇದರಲ್ಲಿ ಇಲ್ಲ."

"ಮಗಳು ಅಂತ ಬರಿ ಮಗಾ" ಎಂದರು ಮಾಮಿ.

"ಹಾಗೆ ಆಗುವುದಿಲ್ಲ ಅಮ್ಮ. ಇವರ ಕಾಗದದಲ್ಲಿ ತಾಯಿಯ ಹೆಸರು ಬೇರೆ ಉಂಟು." ಹುಡುಗಿ ಪರದೆಯ ಮೇಲಿನ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು. ಮಗನ ಮಗಳು ಎಂದು ನನ್ನ ಮಗಳಿಗೆ ಜಾಗ ಸಿಕ್ಕಿತು. ಅವಳೊಬ್ಬಳೇ ಆ ಕಾರ್ಡಿನಲ್ಲಿ ಗೊಂದಲವಿಲ್ಲದೆ ಕೂತವಳು. ನನಗೆ ಸಿಕ್ಕಿದ್ದು ಪಟ್ಟಿಯ ಅತ್ಯಂತ ಕೆಳಗಿನ ಶಬ್ದ, ಇತರರು.

ಹೊರಗೆ ಬರುವಾಗ ಮಾಮಿ, "ಎಂತ ಬರೆದಳು ನಿನ್ನನ್ನು?" ಎಂದರು. ಹೇಳಿದೆ. ಅವರು ರಸ್ತೆಯ ಬದಿಯಲ್ಲೇ ನಿಂತು ನಗತೊಡಗಿದರು. ನನಗೂ ನಗು ಬಂತು. ಇಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದ್ದಕ್ಕೆ ಸರಕಾರ ಕೊಟ್ಟ ಹೆಸರು ಇತರರು. ಪರವಾಗಿಲ್ಲ, ಅಕ್ಕಿ ಸಿಗುತ್ತದೆ.

ಇದೆಲ್ಲ ಸಣ್ಣ ಸಂಗತಿಗಳು. ನನ್ನ ನಿಜವಾದ ಹೆದರಿಕೆ ಬೇರೆ ಇತ್ತು. ಮಗಳ ಅಪ್ಪ ಊರಿಗೆ ಬಂದಾಗ ಎಂತ ಮಾಡಿಯಾರು? ಅಮ್ಮನನ್ನು ನಾನು ಸೆಳೆದುಕೊಂಡೆ ಎಂದರೆ? ಹಟ ಹಿಡಿದು ಕರೆದುಕೊಂಡು ಹೋದರೆ? ಮಾಮಿ ಬಂದು ಒಂದು ವರ್ಷವಾಗುತ್ತಾ ಬಂದಿತ್ತು. ಮೊದಲ ತಿಂಗಳಲ್ಲಿ "ಸ್ವಲ್ಪ ದಿನ ನೋಡುವಾ" ಎಂದಿದ್ದವಳು ನಾನೇ. ಈಗ ಅಂಗಡಿಯಲ್ಲಿ ಮಾತ್ರೆ ಎಣಿಸುವಾಗ ಅವರಿಲ್ಲದ ಮನೆಯನ್ನು ನೆನೆದರೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ.

ಮಗಳ ಅಪ್ಪನ ಫೋನು ಬಂತು. ಇಷ್ಟು ದಿನ ಮಗಳಿಗೆ, ಅಮ್ಮನಿಗೆ ಮಾಡುತ್ತಿದ್ದವರು ನನಗೇ ಮಾಡಿದರು. "ಊರಿಗೆ ಬಂದಿದ್ದೇವೆ. ಅಮ್ಮನ ವಿಷಯ ಮಾತಾಡಬೇಕು. ಶನಿವಾರ ಬರಬಹುದಾ?" ಬನ್ನಿ ಎಂದೆ. ಮಾಮಿಗೆ ತಿಳಿಸಿದಾಗ ಅವರು ಬೆಳ್ಳುಳ್ಳಿ ಸುಲಿಯುತ್ತಿದ್ದರು. "ಬರಲಿ" ಎಂದಷ್ಟೇ ಹೇಳಿದರು. ಅವರ ಮನಸ್ಸಿನಲ್ಲಿ ಏನಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮಗ ಬಂದು ಕರೆದರೆ ಯಾವ ತಾಯಿ ಬೇಡ ಎಂದಾಳು?

ಶನಿವಾರ ಹನ್ನೊಂದು ಗಂಟೆಗೆ ಕಾರು ಬಂತು. ಜೊತೆಯಲ್ಲಿ ಹೊಸ ಹೆಂಡತಿ. ಮೂವತ್ತರ ಆಸುಪಾಸಿನ ಹುಡುಗಿ, ಐದು ತಿಂಗಳ ಬಸುರಿ. ನನ್ನ ಕಣ್ಣು ತಪ್ಪಿಸಿ ನನ್ನ ಕೈಗಳನ್ನೇ ನೋಡುತ್ತಿದ್ದಳು. ನಾನು ನೀರು ಕೊಟ್ಟಾಗ ಮಲಯಾಳದಲ್ಲಿ ಮೆಲ್ಲನೆ, "ಚೇಚಿ, ನನಗೆ ಸಿಟ್ಟು ಮಾಡಬೇಡಿ" ಎಂದಳು. ಅವಳಿಗೆ ಹೇಳಬೇಕೆಂದು ಎಷ್ಟೋ ಮಾತು ಸಿದ್ಧ ಮಾಡಿ ಇಟ್ಟುಕೊಂಡಿದ್ದೆ. ಅವಳ ಊದಿದ ಪಾದಗಳನ್ನು ಕಂಡ ಮೇಲೆ ಒಂದೂ ನೆನಪಿಗೆ ಬರಲಿಲ್ಲ. "ಬಿಪಿ ನೋಡಿಸಿದ್ದೀಯಾ?" ಎಂದು ಕೇಳಿದೆ. ಅಲ್ಲಿಂದ ನಮ್ಮ ಮಾತು ಕಬ್ಬಿಣದ ಮಾತ್ರೆ, ಉಪ್ಪು, ನಿದ್ದೆ ಎಂದು ಎಲ್ಲೆಲ್ಲಿಗೋ ಹೋಯಿತು.

ಮಗಳ ಅಪ್ಪ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಕೊನೆಗೆ ಹೇಳಿದರು, "ಅಮ್ಮ, ಹೋಗುವಾ. ಮನೆಯ ಬಾಡಿಗೆಯವರನ್ನು ಬಿಡಿಸುತ್ತೇನೆ. ಒಬ್ಬಳು ಕೆಲಸದವಳನ್ನು ಇಡುತ್ತೇನೆ."

ಮಾಮಿ ಮಗನನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣಿನಲ್ಲಿ ನೀರಿತ್ತು, ಸ್ವರ ಮಾತ್ರ ಗಟ್ಟಿ. "ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಹೋಯಿತು. ನಿನ್ನ ಮಗುವನ್ನು ನಾನು ಎತ್ತಿಕೊಳ್ಳುತ್ತೇನೆ, ಇವಳಿಗೆ ಬಾಣಂತನದ ಮದ್ದು ಅರೆದುಕೊಡುತ್ತೇನೆ. ಆದರೆ ನಾನು ಇರುವುದು ಇಲ್ಲಿ. ನನಗೆ ಇಲ್ಲಿ ಯಾರೂ ಕೂತುಕೊಳ್ಳಿ ಅಂತ ಹೇಳುವುದಿಲ್ಲ."

ನಾನು ತಟ್ಟೆ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಂತೆ. ವಾರದಿಂದ ಬಿಗಿಹಿಡಿದಿದ್ದ ಉಸಿರು ಹೊರಗೆ ಬಂದದ್ದು ನನಗೇ ಕೇಳಿಸಿತು.

ಊಟವಾದ ಮೇಲೆ ಮಗಳ ಅಪ್ಪ ಕೈತೊಳೆಯಲು ಹಿತ್ತಲಿಗೆ ಬಂದಾಗ ನಾನು ಅಲ್ಲಿದ್ದೆ. ಬೈರಾಸು ಕೊಟ್ಟೆ. ಅವರು ಕೈ ಒರೆಸುತ್ತಾ, ನೆಲ ನೋಡುತ್ತಾ ಹೇಳಿದರು, "ಬರುವಾಗ ಇಡೀ ದಾರಿ ಹೆದರಿಕೊಂಡು ಬಂದೆ."

"ಎಂತಕ್ಕೆ? ನಾನು ಬೈಯುತ್ತೇನೆ ಅಂತಾ?"

"ಅದೂ ಉಂಟು." ಅವರು ಸ್ವಲ್ಪ ನಕ್ಕರು. "ಅಮ್ಮ ಬರುತ್ತೇನೆ ಅಂತ ಹೇಳಿದರೆ ಎಂತ ಮಾಡುವುದು ಅಂತ. ಮುಂದಿನ ತಿಂಗಳು ನಾವಿಬ್ಬರೂ ವಾಪಸು ಹೋಗಬೇಕು. ಕೆಲಸದವಳ ಕೈಯಲ್ಲಿ ಅಮ್ಮನನ್ನು ಬಿಟ್ಟು ಹೋಗುವುದು ಹೇಗೆ? ಆದರೆ ಕರೆಯದೆ ಇರಲಿಕ್ಕೂ ಆಗುವುದಿಲ್ಲವಲ್ಲ."

ಹನ್ನೊಂದು ವರ್ಷದ ಮದುವೆಯಲ್ಲಿ ಅವರು ನನ್ನ ಹತ್ತಿರ ಇಷ್ಟು ನಿಜ ಮಾತಾಡಿದ್ದಿಲ್ಲ. ನಾನೂ ಹೇಳಿದೆ, "ನನಗೂ ಅದೇ ಹೆದರಿಕೆ. ಅವರು ಹೊರಟುಬಿಟ್ಟರೆ ಎಂತ ಮಾಡುವುದು ಅಂತ."

ನಾವಿಬ್ಬರೂ ನಕ್ಕುಬಿಟ್ಟೆವು. ಗಂಡಹೆಂಡತಿಯಾಗಿ ನಮಗೆ ಗೊತ್ತಿರದ ಒಂದು ಸಲಿಗೆ, ಹಿತ್ತಲಿನ ಒಗೆಯುವ ಕಲ್ಲಿನ ಬಳಿ, ಎಲ್ಲ ಮುಗಿದ ಮೇಲೆ ಬಂತು. ಇವರ ಮೇಲೆ ನನಗಿದ್ದ ಕಹಿ ಅಂದೇ ಪೂರ್ತಿ ಹೋಯಿತು ಎಂದಲ್ಲ. ಆದರೆ ಅದನ್ನು ಕಾದುಕೊಂಡು ಕೂರುವ ಕೆಲಸ ಅಂದಿಗೆ ತಪ್ಪಿತು.

ಹೆರಿಗೆಗೆಂದು ಹೊಸ ಹೆಂಡತಿ ಒಬ್ಬಳೇ ಊರಿಗೆ ಮರಳಿದಳು. ಕಣ್ಣೂರಿನ ಆಚೆ, ಅವಳ ತಾಯಿಯ ಮನೆಯಲ್ಲಿ ಗಂಡುಮಗು ಹುಟ್ಟಿತು. ಮಗುವಿನ ಇಪ್ಪತ್ತೆಂಟನೆಯ ದಿನದ ಶಾಸ್ತ್ರವಾದ ಮೇಲೆ ನಾವು ಮೂವರು ಮಂಜೇಶ್ವರದಲ್ಲಿ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದೆವು. ನಾನು ಹೋಗುವುದು ಸರಿಯೇ ಎಂದು ಕೊನೆಯವರೆಗೂ ಅನುಮಾನವಿತ್ತು. "ಅಜ್ಜಿಯನ್ನು ಹತ್ತಿಸಿ ಇಳಿಸುವುದು ಯಾರು?" ಎಂದು ಮಗಳು ಕೇಳಿದ್ದರಿಂದ ಹೊರಟೆ. ಬಾಣಂತಿಯ ತಾಯಿ ನಮ್ಮನ್ನು ಬಾಗಿಲಿನಲ್ಲೇ ಕಾಯುತ್ತಿದ್ದರು. ನನ್ನನ್ನು ಕಂಡಾಗ ಒಂದು ಕ್ಷಣ ತಡವರಿಸಿದರು, ಆಮೇಲೆ ನನ್ನ ಕೈಹಿಡಿದು ಒಳಗೆ ಕರೆದುಕೊಂಡು ಹೋದರು.

ನನ್ನ ಮಗಳು ಚಾಪೆಯ ಮೇಲೆ ಕಾಲು ನೀಡಿ ಕುಳಿತು ಮಡಿಲೊಡ್ಡಿದಳು. ಮಾಮಿ ಮಗುವನ್ನು ಅವಳ ತೊಡೆಯ ಮೇಲೆ ಇಟ್ಟು, "ತಲೆ ಹಿಡಿ, ತಲೆ! ನಿನ್ನ ತಮ್ಮ ಅವ, ತೆಂಗಿನಕಾಯಿ ಅಲ್ಲ" ಎಂದು ಗದರಿಸಿದರು. ಬಾಣಂತಿ ಮಂಚದಿಂದ ನಕ್ಕಳು. ಮಗು ಮೂಗಿನ ತುದಿ ಕೆಂಪು ಮಾಡಿಕೊಂಡು ಒಮ್ಮೆ ಸೀನಿ ಮತ್ತೆ ಮಲಗಿತು. ನನಗೆ ಅಲ್ಲಿ ಹೊಟ್ಟೆಕಿಚ್ಚಾಗಬಹುದೆಂದು ಹೆದರಿದ್ದೆ. ಆಗಲಿಲ್ಲ. ಮಗುವಿನ ಕಾಲು ಎಷ್ಟು ಸಣ್ಣದು ಎಂದು ನೋಡುತ್ತಾ ಕುಳಿತಿದ್ದೆ.

ಸಂಜೆಯ ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಲ್ಲಿಯ ಮೀನುಸಾರಿಗೆ ಹುಳಿ ಸಾಲದು ಎಂದು ಮಾಮಿ ಪಯ್ಯನ್ನೂರಿನವರೆಗೆ ಹೇಳಿದರು, ಕಾಞಂಗಾಡಿಗೆ ಬರುವಾಗ ಬಾಯಿ ತೆರೆದು ನಿದ್ದೆಹೋದರು. ಮಗಳು ಮೊಬೈಲಿನಲ್ಲಿ ತಮ್ಮನ ಚಿತ್ರಗಳನ್ನು ಒಂದೊಂದಾಗಿ ಅಪ್ಪನಿಗೆ ಕಳುಹಿಸುತ್ತಿದ್ದಳು. ಚಂದ್ರಗಿರಿ ಹೊಳೆಯ ಸೇತುವೆ ದಾಟುವಾಗ ಗಾಳಿ ಜೋರಾಯಿತು. ನಾನು ಮಾಮಿಯ ಸೆರಗನ್ನು ಕುತ್ತಿಗೆಗೆ ಸುತ್ತಿ ಸಿಕ್ಕಿಸಿದೆ. ಅವರು ಕಣ್ಣು ತೆರೆಯದೆಯೇ ನನ್ನ ಕೈಯನ್ನು ಒಮ್ಮೆ ತಟ್ಟಿ, ಆಚೆ ತಿರುಗಿ ಮಲಗಿದರು.